ಕತೆ ನಮ್ಮದು, ಕ್ಯಾಮೆರಾ ಯಾರದು?

ಪಿಯುಸಿ ಫಲಿತಾಂಶ ಬಂದ ಮೇಲೆ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ನಮ್ಮ ಮನೆಗಳಲ್ಲಿ ನಡೆಯುವ ಚರ್ಚೆ ಎಲ್ಲರಿಗೂ ಗೊತ್ತಿರುವಂಥದ್ದೇ. ಅಂಕ ಹೆಚ್ಚು ಬಂದಿದ್ದರೆ ವೈದ್ಯಕೀಯ ಇಲ್ಲವೇ ಇಂಜಿನಿಯರಿಂಗ್, ಸ್ವಲ್ಪ ಕಡಿಮೆಯಾದರೆ ಬಿ.ಕಾಂ., ಇನ್ನೂ ಕಡಿಮೆಯಾದರೆ ಪಾಸ್‌ಪೋರ್ಟ್. ಮಗನೋ ಮಗಳೋ 'ನಾನು ಸಿನಿಮಾ ಮಾಡುವುದನ್ನು ಕಲಿಯುತ್ತೇನೆ' ಎಂದುಬಿಟ್ಟರೆ ಮನೆಯಲ್ಲಿ ಒಂದು ಕ್ಷಣ ಮೌನ. ಆಮೇಲೆ ಎರಡು ಪ್ರಶ್ನೆಗಳು ಒಟ್ಟಿಗೇ ಬರುತ್ತವೆ. 'ಅದರಿಂದ ಹೊಟ್ಟೆ ತುಂಬುತ್ತದೆಯೇ?' 'ದೀನಿಗೆ ಒಪ್ಪುತ್ತದೆಯೇ?' ಈ ಎರಡು ಪ್ರಶ್ನೆಗಳನ್ನೂ ನಾವು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಆದರೆ ಯಾರೂ ಕೇಳದ ಮೂರನೆಯ ಪ್ರಶ್ನೆಯೊಂದಿದೆ. ಕಲಿಯದೇ ಹೋದದ್ದರಿಂದ ನಮಗೆ ಆದ ನಷ್ಟ ಎಷ್ಟು?

ಸಿನಿಮಾ ಕಲಿಯಲು ಪುಣೆಗೋ ಚೆನ್ನೈಗೋ ಹೋಗಬೇಕಾಗಿದ್ದ ಕಾಲ ಒಂದಿತ್ತು. ಬೆಳ್ತಂಗಡಿ ತಾಲೂಕಿನ ಉಜಿರೆಯ ಎಸ್‌ಡಿಎಂ ಕಾಲೇಜು ಡಿಜಿಟಲ್ ಮೀಡಿಯಾ ಮತ್ತು ಫಿಲ್ಮ್ ಮೇಕಿಂಗನ್ನು ಬಿ.ವೋಕ್. ಪದವಿಯ ವಿಷಯವಾಗಿಯೇ ಕಲಿಸಿದೆ. ಮೂಡುಬಿದಿರೆಯ ಆಳ್ವಾಸ್‌ನಲ್ಲಿ ಪತ್ರಿಕೋದ್ಯಮ ಮತ್ತು ಸಮೂಹ ಸಂವಹನ ವಿಭಾಗವಿದೆ. ಬಿ.ಸಿ. ರೋಡಿನಲ್ಲಿ ಬಸ್ಸು ಹತ್ತಿದ ವಿದ್ಯಾರ್ಥಿ ಬೆಳಿಗ್ಗೆ ಹೋಗಿ ಕ್ಯಾಮೆರಾ ಹಿಡಿಯಲು ಕಲಿತು ಸಂಜೆ ಮನೆಗೆ ಮರಳಬಹುದು.

ಬಂಟ್ವಾಳ ತಾಲೂಕಿನ ಮಂಚಿಯಲ್ಲಿ 1929ರಲ್ಲಿ ಹುಟ್ಟಿದ ಬಿ.ವಿ. ಕಾರಂತರಿಗೆ ಈ ಅನುಕೂಲ ಇರಲಿಲ್ಲ. ಹುಡುಗನಾಗಿದ್ದಾಗಲೇ ಅವರು ಮನೆ ಬಿಟ್ಟರು. ಗುಬ್ಬಿ ಕಂಪೆನಿ ಸೇರಿ, ವೀರಣ್ಣನವರ ನೆರವಿನಿಂದ ಬನಾರಸ್‌ಗೆ ಹೋಗಿ ಹಿಂದಿ ಎಂ.ಎ. ಮಾಡಿ, ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಕಲಿತರು. ಇಷ್ಟೆಲ್ಲ ಸುತ್ತಿದ ಮೇಲೆ 1975ರಲ್ಲಿ ಅವರು ನಿರ್ದೇಶಿಸಿದ ಚಿತ್ರ 'ಚೋಮನ ದುಡಿ'. ಅದಕ್ಕೆ ರಾಷ್ಟ್ರಪತಿಗಳ ಸ್ವರ್ಣಕಮಲ ಬಂತು. ತುಂಡು ಭೂಮಿಗಾಗಿ ಹಂಬಲಿಸಿ ಸಾಯುವ ನಮ್ಮ ಜಿಲ್ಲೆಯ ಒಬ್ಬ ದಲಿತನನ್ನು ದೇಶಕ್ಕೆ ತೋರಿಸಲು ಮಂಚಿಯ ಹುಡುಗ ಅಷ್ಟು ದೂರ ಹೋಗಿ ಬರಬೇಕಾಯಿತು. ಈಗ ದಾರಿ ಹತ್ತಿರವಾಗಿದೆ. ಆದರೆ ಆ ದಾರಿಯಲ್ಲಿ ನಮ್ಮ ಮಕ್ಕಳ ಸಂಖ್ಯೆ ಎಷ್ಟು ಎಂದು ಕೇಳಿಕೊಂಡರೆ ಉತ್ತರ ಸಮಾಧಾನ ಕೊಡುವುದಿಲ್ಲ.

ಕನ್ನಡ ನೆಲದ ಮುಸ್ಲಿಮರ ಬದುಕನ್ನು ತೋರಿಸಿ ರಾಷ್ಟ್ರಮಟ್ಟದಲ್ಲಿ ಹೆಸರು ಪಡೆದ ಚಿತ್ರಗಳನ್ನು ಒಮ್ಮೆ ಸಾಲಾಗಿ ಇಟ್ಟು ನೋಡೋಣ. ಪಿ. ಶೇಷಾದ್ರಿಯವರ 'ಮುನ್ನುಡಿ' 2000ದಲ್ಲಿ ಬಂತು. ವ್ಯಾಪಾರಕ್ಕೆಂದು ಬಂದ ಅರಬರು ಕರಾವಳಿಯ ಹೆಣ್ಣುಮಕ್ಕಳನ್ನು ಮದುವೆಯಾಗಿ ಬಿಟ್ಟುಹೋಗುವ ವಿಷಯ ಅದರದ್ದು. ಕತೆ ಬೊಳುವಾರು ಮಹಮದ್ ಕುಂಞಿಯವರದು. ಗಿರೀಶ ಕಾಸರವಳ್ಳಿಯವರ 'ಹಸೀನಾ' 2004ರದ್ದು. ಗಂಡ ಬಿಟ್ಟುಹೋದ ಹೆಂಗಸೊಬ್ಬಳು ಮಕ್ಕಳನ್ನು ಕಟ್ಟಿಕೊಂಡು ಮಸೀದಿಯ ಮುಂದೆ ನ್ಯಾಯ ಕೇಳಿ ಕೂರುವ ಈ ಚಿತ್ರಕ್ಕೆ ಆಧಾರ ಬಾನು ಮುಷ್ತಾಕ್ ಅವರ 'ಕರಿನಾಗರಗಳು'. ಅದೇ ಲೇಖಕಿಗೆ 2025ರಲ್ಲಿ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂತು. ಇನ್ನು 2011ರ 'ಬ್ಯಾರಿ'. ನಮ್ಮ ಮನೆಮಾತಿನಲ್ಲಿ ಬಂದ ಮೊದಲ ಚಿತ್ರ. ಮರಾಠಿಯ 'ದೇವೂಳ್' ಜೊತೆಗೆ ಸ್ವರ್ಣಕಮಲವನ್ನು ಹಂಚಿಕೊಂಡಿತು. ನಿರ್ದೇಶಕ ಸುವೀರನ್ ಮಲಯಾಳಿ. ಆ ಚಿತ್ರದ ಕತೆ ತಮ್ಮ 'ಚಂದ್ರಗಿರಿಯ ತೀರದಲ್ಲಿ' ಕಾದಂಬರಿಯದೇ, ಅನುಮತಿ ಪಡೆಯದೆ ಬಳಸಲಾಗಿದೆ ಎಂದು ಸಾರಾ ಅಬೂಬಕ್ಕರ್ ಅವರು ನ್ಯಾಯಾಲಯದ ಮೆಟ್ಟಿಲೇರಿದರು.

ಬೊಳುವಾರು, ಬಾನು, ಸಾರಾ. ಬರೆದವರು ನಮ್ಮವರು. ಅವರ ಕತೆಗಳನ್ನು ತೆರೆಗೆ ತಂದವರಲ್ಲಿ ನಮ್ಮವರಿಲ್ಲ. ಇದು ಆಕಸ್ಮಿಕವಲ್ಲ. ಬರೆಯಲು ಒಂದು ಪೆನ್ನು, ಒಂದಿಷ್ಟು ಕಾಗದ, ಕನ್ನಡ ಶಾಲೆಯಲ್ಲಿ ಕಲಿತ ಅಕ್ಷರ ಸಾಕು. ಪ್ರಕಟಿಸಲು ಲಂಕೇಶರಂಥ ಒಬ್ಬ ಸಂಪಾದಕ ಸಾಕು. 1980ರ ದಶಕದಲ್ಲಿ ಮುಸ್ಲಿಮ್ ಲೇಖಕರ ಒಂದು ತಲೆಮಾರು ಕನ್ನಡದಲ್ಲಿ ಎದ್ದು ನಿಂತದ್ದು ಅದಕ್ಕಿಂತ ಮೊದಲೇ ಸರಕಾರಿ ಕನ್ನಡ ಶಾಲೆಗಳು ಊರೂರಿಗೆ ಬಂದಿದ್ದರಿಂದ. ಸಿನಿಮಾಕ್ಕೆ ಮಾತ್ರ ಬೇರೆಯದೇ ಶಾಲೆ ಬೇಕು, ಯಂತ್ರ ಬೇಕು, ಹಣ ಬೇಕು, ಜೊತೆಗೆ ಕೆಲಸ ಮಾಡುವ ಹತ್ತು ಜನ ಬೇಕು. ಆ ಶಾಲೆಯ ಬಾಗಿಲಿಗೆ ನಾವು ಹೋಗಲೇ ಇಲ್ಲ.

'ಮುಸ್ಲಿಮರ ಸಿನಿಮಾವನ್ನು ಮುಸ್ಲಿಮರೇ ಮಾಡಬೇಕೇ?' ಎಂದು ಯಾರಾದರೂ ಕೇಳಬಹುದು. ಖಂಡಿತ ಇಲ್ಲ. ದೇಶ ವಿಭಜನೆಯ ನಂತರ ಆಗ್ರಾದ ಒಂದು ಮುಸ್ಲಿಮ್ ಕುಟುಂಬಕ್ಕೆ ಏನಾಯಿತೆಂದು 1973ರ 'ಗರಂ ಹವಾ'ದಷ್ಟು ಆರ್ದ್ರವಾಗಿ ಹೇಳಿದ ಚಿತ್ರ ಇನ್ನೊಂದಿಲ್ಲ. ಅದನ್ನು ಮಾಡಿದವರು ಮೈಸೂರಿನ ಎಂ.ಎಸ್. ಸತ್ಯು. ಮೇಲ್ಜಾತಿಯಲ್ಲಿ ಹುಟ್ಟಿದ ಬಿ.ವಿ. ಕಾರಂತರು ಚೋಮನನ್ನು ನೋಡಿದರು. ಮಾಡುವವನ ಹುಟ್ಟಿಗಿಂತ ಅವನು ಎಲ್ಲಿ ನಿಂತು ನೋಡುತ್ತಾನೆ ಎಂಬುದು ಮುಖ್ಯ. ಸಿನಿಮಾ ಶಾಲೆ ಕಲಿಸಬೇಕಾದದ್ದು ಇದನ್ನೇ.

ಕಾಸರವಳ್ಳಿಯವರ 2008ರ 'ಗುಲಾಬಿ ಟಾಕೀಸ್' ಇದಕ್ಕೆ ಒಳ್ಳೆಯ ಪಾಠ. ಕಾಸರವಳ್ಳಿ ಮಣಿಪಾಲದಲ್ಲಿ ಬಿ.ಫಾರ್ಮ. ಓದಿ, ಆ ವೃತ್ತಿ ಬಿಟ್ಟು ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟ್ ಸೇರಿದವರು. ವೈದೇಹಿಯವರ ಕತೆಯನ್ನು ಆಧರಿಸಿದ ಈ ಚಿತ್ರದಲ್ಲಿ ಗುಲಾಬಿ ಎಂಬ ಮುಸ್ಲಿಮ್ ಸೂಲಗಿತ್ತಿ ಇದ್ದಾಳೆ. ಗಂಡ ಮೂಸಾ ಅವಳನ್ನು ಬಿಟ್ಟು ಬೇರೆ ಸಂಸಾರ ಹೂಡಿದ್ದಾನೆ. ಅವಳಿಗೆ ಸಿನಿಮಾ ಹುಚ್ಚು. ಹೆರಿಗೆ ಮಾಡಿಸಿದ್ದಕ್ಕೆ ಪ್ರತಿಫಲವಾಗಿ ಬಣ್ಣದ ಟಿವಿಯೂ ಡಿಶ್ಶೂ ಅವಳ ಗುಡಿಸಲಿಗೆ ಬರುತ್ತವೆ. ಬೆಸ್ತರ ಕೇರಿಯ ಹೆಂಗಸರು ಒಬ್ಬೊಬ್ಬರಾಗಿ ಬಂದು ಕೂರುತ್ತಾರೆ. ಕೆಲವರು ಒಳಗೆ, ಕೆಲವರು ಹೊರಗೇ ನಿಂತು. ಅದೇ ಟಿವಿ ಕಾರ್ಗಿಲ್ ಯುದ್ಧದ ಸುದ್ದಿಯನ್ನೂ ತರುತ್ತದೆ. ಟ್ರಾಲರಿನವರಿಗೂ ಸಣ್ಣ ದೋಣಿಯವರಿಗೂ ನಡೆಯುತ್ತಿದ್ದ ಹೊಟ್ಟೆಪಾಡಿನ ಜಗಳಕ್ಕೆ ಮೆಲ್ಲಗೆ ಧರ್ಮದ ಬಣ್ಣ ಬರುತ್ತದೆ. ನಿನ್ನೆಯವರೆಗೆ ಊರಿನ ಮಕ್ಕಳನ್ನು ಹೆರಿಸಿದವಳು ಕೊನೆಗೆ ಊರು ಬಿಡಬೇಕಾಗುತ್ತದೆ.

ಇಲ್ಲಿ ಗುಲಾಬಿ ಯಾವುದೋ ಸಮಸ್ಯೆಯ ಪ್ರತಿನಿಧಿಯಾಗಿ ಬರುವುದಿಲ್ಲ. ಅವಳಿಗೆ ಆಸೆಗಳಿವೆ, ಹಟವಿದೆ, ಸಣ್ಣ ಸುಳ್ಳುಗಳಿವೆ, ನಗುವಿದೆ. ಆ ಪಾತ್ರಕ್ಕಾಗಿ ಉಮಾಶ್ರೀಯವರಿಗೆ ರಾಷ್ಟ್ರಪ್ರಶಸ್ತಿ ಬಂದದ್ದು ನ್ಯಾಯವೇ. ನಿರ್ದೇಶಕರು ಅವಳ ಧರ್ಮದ ಬಗ್ಗೆ ಭಾಷಣ ಮಾಡುವುದಿಲ್ಲ. ಅವಳ ಮನೆಯ ಬಾಗಿಲಲ್ಲಿ ಯಾರು ಒಳಗೆ ಬರುತ್ತಾರೆ, ಯಾರು ಹೊಸ್ತಿಲಲ್ಲೇ ನಿಲ್ಲುತ್ತಾರೆ ಎಂಬುದನ್ನು ಮಾತ್ರ ತಾಳ್ಮೆಯಿಂದ ತೋರಿಸುತ್ತಾರೆ. ಕರಾವಳಿಯ ಕಳೆದ ಮೂರು ದಶಕಗಳ ಚರಿತ್ರೆ ಆ ಹೊಸ್ತಿಲಿನಲ್ಲಿದೆ.

'ಬ್ಯಾರಿ'ಯನ್ನು ಇದರ ಪಕ್ಕದಲ್ಲಿಟ್ಟರೆ ವ್ಯತ್ಯಾಸ ಕಾಣುತ್ತದೆ. ತಂದೆ ಮತ್ತು ಗಂಡನ ಜಗಳದ ನಡುವೆ ಸಿಕ್ಕಿ ತಲಾಖ್‌ಗೆ ಒಳಗಾಗುವ ನಾದಿರಾ, ಮತ್ತೆ ಮೊದಲ ಗಂಡನನ್ನು ಸೇರಬೇಕಾದರೆ ಇನ್ನೊಂದು ಮದುವೆಯಾಗಬೇಕೆಂಬ ಇಕ್ಕಟ್ಟಿಗೆ ಬೀಳುತ್ತಾಳೆ. ಅವಳ ಸಂಕಟ ನಿಜವಾದದ್ದು. ಅಂಥ ಸಂಕಟ ನಮ್ಮಲ್ಲಿ ಇಲ್ಲವೇ ಇಲ್ಲ ಎನ್ನುವವರ ಜೊತೆ ನಾವಿಲ್ಲ. ಆದರೆ ಆ ಚಿತ್ರದಲ್ಲಿ ನಾದಿರಾಳ ದುಃಖ ಬಿಟ್ಟರೆ ನಾದಿರಾ ಯಾರೆಂದು ನಮಗೆ ಹೆಚ್ಚು ತಿಳಿಯುವುದಿಲ್ಲ. ಅವಳಿಗೆ ಏನಿಷ್ಟ, ಯಾವುದಕ್ಕೆ ನಗುತ್ತಾಳೆ, ಗೆಳತಿಯ ಜೊತೆ ಏನು ಮಾತಾಡುತ್ತಾಳೆ? ಭಾಷೆ ಬ್ಯಾರಿಯದಾದರೂ ನೋಟ ಹೊರಗಿನಿಂದ ಬಂದದ್ದು ಎಂದು ನಮಗೆ ಅನ್ನಿಸಿದ್ದು ಇದಕ್ಕಾಗಿ. ಆಗ ನಮ್ಮವರೂ ಸಿಟ್ಟಾದರು. ಉಚ್ಚಾರ ಸರಿಯಿಲ್ಲ, ಉಡುಪು ಸರಿಯಿಲ್ಲ, ಶರೀಅತ್ ಸರಿಯಾಗಿ ಬಂದಿಲ್ಲ ಎಂದರು. ಆ ಮಾತುಗಳಲ್ಲಿ ಕೆಲವು ಸರಿಯೂ ಇದ್ದವು. ಆದರೆ ಸಿಟ್ಟು ಇಳಿದ ಮೇಲೆ, ಹಾಗಾದರೆ ನಮ್ಮ ಹುಡುಗನೊಬ್ಬ, ಹುಡುಗಿಯೊಬ್ಬಳು ಇದನ್ನು ಚೆನ್ನಾಗಿ ಕಲಿತು ಬರಲಿ ಎಂದು ಯಾವ ಜಮಾಅತ್ತೂ, ಯಾವ ಸಂಘಟನೆಯೂ ಹೇಳಿದ್ದನ್ನು ನಾವು ಕೇಳಲಿಲ್ಲ. ದೂರು ಕೊಡುವುದು ಸುಲಭ, ಶುಲ್ಕ ಕೊಡುವುದು ಕಷ್ಟ.

ಮುಸ್ಲಿಮ್ ಸಂಸ್ಥೆಯೊಂದು ಈ ಕೆಲಸವನ್ನು ಮಾಡಿ ತೋರಿಸಿದ ಉದಾಹರಣೆ ನಮ್ಮ ದೇಶದಲ್ಲೇ ಇದೆ. ದೆಹಲಿಯ ಜಾಮಿಯಾ ಮಿಲ್ಲಿಯಾ ಇಸ್ಲಾಮಿಯಾದಲ್ಲಿ 1982ರಲ್ಲಿ, ಆಗಿನ ಕುಲಪತಿ ಅನ್ವರ್ ಜಮಾಲ್ ಕಿದ್ವಾಯಿಯವರು ಕೆನಡಾದ ಯಾರ್ಕ್ ವಿಶ್ವವಿದ್ಯಾಲಯದ ನೆರವಿನೊಂದಿಗೆ ಸಮೂಹ ಸಂವಹನ ಸಂಶೋಧನಾ ಕೇಂದ್ರವನ್ನು ಆರಂಭಿಸಿದರು. ಸ್ವಾತಂತ್ರ್ಯ ಹೋರಾಟದ ನಡುವೆ 1920ರಲ್ಲಿ ಹುಟ್ಟಿದ ವಿದ್ಯಾಸಂಸ್ಥೆಯೊಂದು ಸಿನಿಮಾವನ್ನು ಕಲಿಯತಕ್ಕ ವಿದ್ಯೆ ಎಂದು ಒಪ್ಪಿಕೊಂಡಿತು. ಅಲ್ಲಿಂದ ಹೊರಬಂದವರು ದೇಶದ ಸಾಕ್ಷ್ಯಚಿತ್ರಗಳ ಮುಖವನ್ನೇ ಬದಲಿಸಿದ್ದಾರೆ. ಅಲ್ಲಿ ಕಲಿತ ಶೌನಕ್ ಸೇನ್ ಅವರ 2022ರ 'ಆಲ್ ದಟ್ ಬ್ರೀತ್ಸ್' ಸನ್‌ಡಾನ್ಸ್ ಮತ್ತು ಕಾನ್ ಚಿತ್ರೋತ್ಸವಗಳಲ್ಲಿ ಪ್ರಶಸ್ತಿ ಪಡೆದು ಆಸ್ಕರ್ ನಾಮನಿರ್ದೇಶನದವರೆಗೆ ಹೋಯಿತು. ದೆಹಲಿಯ ವಿಷದ ಗಾಳಿಯಲ್ಲಿ ಕೆಳಗೆ ಬೀಳುವ ಹದ್ದುಗಳನ್ನು ಎತ್ತಿತಂದು ಆರೈಕೆ ಮಾಡುವ ನದೀಮ್ ಮತ್ತು ಸವೂದ್ ಎಂಬ ಸಹೋದರರ ಚಿತ್ರ ಅದು. ಪೌರತ್ವ ಕಾಯಿದೆಯ ವಿರುದ್ಧದ ಪ್ರತಿಭಟನೆ, 2020ರ ದೆಹಲಿ ಗಲಭೆ ಎಲ್ಲವೂ ಹಿನ್ನೆಲೆಯಲ್ಲಿ ಕೇಳಿಸುತ್ತವೆ. ಸಹೋದರರು ಮಾತ್ರ ಹಕ್ಕಿಯ ರೆಕ್ಕೆ ಹೊಲಿಯುತ್ತಲೇ ಇರುತ್ತಾರೆ. ಅವರ ಭಯವೂ ಅವರ ಕೆಲಸವೂ ಒಂದೇ ಚೌಕಟ್ಟಿನಲ್ಲಿ ಬರುತ್ತದೆ. ಇಬ್ಬರು ಮುಸ್ಲಿಮರನ್ನು ಕೆಲಸ ಮಾಡುವ ಮನುಷ್ಯರಾಗಿ ಕಾಣುವ ಈ ನೋಟ ಹುಟ್ಟಿನಿಂದ ಬಂದದ್ದಲ್ಲ, ಅಭ್ಯಾಸದಿಂದ ಬಂದದ್ದು.

ಹೆಣ್ಣುಮಕ್ಕಳ ಮಾತಿಗೆ ಬಂದರೆ ಇರಾನಿನ ಸಮೀರಾ ಮಖ್ಮಲ್ಬಾಫ್ ನೆನಪಾಗುತ್ತಾಳೆ. ತಂದೆ ಮೊಹ್ಸಿನ್ 1996ರಲ್ಲಿ ಮನೆಯಲ್ಲೇ ಆರಂಭಿಸಿದ ಸಿನಿಮಾ ಪಾಠಶಾಲೆಯಲ್ಲಿ ಕಲಿತ ಅವಳು ಮಾಡಿದ ಮೊದಲ ದೊಡ್ಡ ಚಿತ್ರ 1998ರ 'ದಿ ಆಪಲ್'. ಆಗ ಅವಳ ವಯಸ್ಸು 18 ಕೂಡ ದಾಟಿರಲಿಲ್ಲ. ಅವಳಿ ಹೆಣ್ಣುಮಕ್ಕಳನ್ನು ವರ್ಷಗಟ್ಟಲೆ ಮನೆಯೊಳಗೆ ಬೀಗ ಹಾಕಿಟ್ಟ ತೆಹ್ರಾನಿನ ಒಬ್ಬ ತಂದೆಯ ನಿಜಕತೆ ಅದು. ಆ ಕುಟುಂಬದವರೇ ಅದರಲ್ಲಿ ನಟಿಸಿದರು. ಸಮೀರಾ ಆ ತಂದೆಯನ್ನು ರಾಕ್ಷಸನನ್ನಾಗಿ ಮಾಡಲಿಲ್ಲ. ಅವನ ಬಡತನ, ಅವನ ಹೆದರಿಕೆ, ಅವನ ತಪ್ಪು ತಿಳುವಳಿಕೆ ಎಲ್ಲವನ್ನೂ ಅವನ ಬಾಯಿಂದಲೇ ಕೇಳಿಸಿದಳು. ಚಿತ್ರದಲ್ಲಿ ಸಮಾಜ ಕಾರ್ಯಕರ್ತೆಯೊಬ್ಬಳು ಅವನನ್ನೇ ಒಳಗೆ ಕೂಡಿ ಬೀಗ ಹಾಕಿ, ಕೈಗೆ ಗರಗಸ ಕೊಟ್ಟು, ನೀನು ಹಾಕಿದ ಸರಳುಗಳನ್ನು ನೀನೇ ಕೊಯ್ಯಿ ಎನ್ನುತ್ತಾಳೆ. ಸಮುದಾಯದ ತಪ್ಪನ್ನು ಒಳಗಿನವರು ಹೇಳುವಾಗ ಸಿಗುವ ಧಾಟಿ ಇದು. ಕಟುವಾಗಿಯೂ ಇರುತ್ತದೆ, ಪ್ರೀತಿಯನ್ನೂ ಬಿಡುವುದಿಲ್ಲ. ಇರಾನನ್ನು ಆದರ್ಶವೆಂದು ನಾವು ಹೇಳುತ್ತಿಲ್ಲ. ತೆಹ್ರಾನಿನ ಸಿನಿಮಾ ಕಾಲೇಜಿನಲ್ಲಿ ಓದಿದ ಜಾಫರ್ ಪನಾಹಿಯವರಿಗೆ 2010ರಲ್ಲಿ ಜೈಲುಶಿಕ್ಷೆಯ ಜೊತೆಗೆ 20 ವರ್ಷ ಸಿನಿಮಾ ಮಾಡಬಾರದೆಂಬ ಶಿಕ್ಷೆಯನ್ನೂ ಕೊಟ್ಟ ದೇಶ ಅದು. ಅವರು ಕದ್ದುಮುಚ್ಚಿ ಚಿತ್ರ ಮಾಡುತ್ತಲೇ ಹೋಗಿ 2025ರಲ್ಲಿ ಕಾನ್‌ನ ಅತ್ಯುನ್ನತ ಪ್ರಶಸ್ತಿ ಗೆದ್ದರು. ಸಿನಿಮಾವನ್ನು ಧರ್ಮದ ವೈರಿ ಎನ್ನುವವರೂ, ಧರ್ಮವನ್ನು ಸಿನಿಮಾದ ವೈರಿ ಎನ್ನುವವರೂ ಈ ಎರಡು ಮುಖಗಳನ್ನು ಒಟ್ಟಿಗೆ ನೋಡಬೇಕು.

ಈಗ ನಮ್ಮೂರಿನ ತರಗತಿಗಳ ಕಡೆಗೆ ಬರೋಣ. ಯಾವುದೇ ಒಂದು ಕಾಲೇಜನ್ನು ಮನಸ್ಸಿನಲ್ಲಿಟ್ಟು ನಾವು ಇದನ್ನು ಹೇಳುತ್ತಿಲ್ಲ. ನಾವು ನೋಡಿದ ಕರಾವಳಿಯ ವಿದ್ಯಾರ್ಥಿ ಕಿರುಚಿತ್ರಗಳಲ್ಲಿ ತಾಂತ್ರಿಕ ಗುಣಮಟ್ಟ ಚೆನ್ನಾಗಿಯೇ ಇದೆ. ಡ್ರೋನ್ ಹಾರುತ್ತದೆ, ಬಣ್ಣ ಹೊಂದಿಕೊಂಡಿದೆ, ಸಂಗೀತ ಎಲ್ಲಿ ಏರಬೇಕೋ ಅಲ್ಲಿ ಏರುತ್ತದೆ. ವಿಷಯ ಮಾತ್ರ ನಾಲ್ಕೈದೇ. ಮೊಬೈಲ್ ಚಟ, ಕುಡಿತ, ಅಮ್ಮನ ತ್ಯಾಗ, ಕೊನೆಯಲ್ಲಿ ಒಂದು ನೀತಿವಾಕ್ಯ. ಈ ಚಿತ್ರಗಳಲ್ಲಿ ಮುಸ್ಲಿಮನೂ ಆಗಾಗ ಬರುತ್ತಾನೆ. ಟೋಪಿ ಹಾಕಿಕೊಂಡು ಬಂದು, ಸರಿಯಾದ ಹೊತ್ತಿಗೆ ರಕ್ತದಾನ ಮಾಡಿ ಹೋಗುತ್ತಾನೆ. ಸೌಹಾರ್ದ ಸಾರುವ ಆ ಹುಡುಗರ ಒಳ್ಳೆಯ ಮನಸ್ಸನ್ನು ನಾವು ಗೌರವಿಸುತ್ತೇವೆ. ಆದರೆ ರಕ್ತ ಕೊಡುವುದಕ್ಕೆ ಮೊದಲು ಬೆಳಿಗ್ಗೆ ಅವನು ಏನು ಮಾಡುತ್ತಿದ್ದ? ಅವನ ಅಂಗಡಿಯ ಬಾಡಿಗೆ ಎಷ್ಟು? ಅವನ ತಂಗಿ ಎಷ್ಟನೇ ತರಗತಿ? ಪಕ್ಕದ ಮನೆಯ ಬಗ್ಗೆ ಚಿತ್ರ ಮಾಡುವವನಿಗೆ ಆ ಮನೆಯ ಒಳಗೆ ಒಂದು ಕಪ್ ಚಹಾ ಕುಡಿದ ಪರಿಚಯವೂ ಇಲ್ಲವೆಂದರೆ ಅದು ಅವನೊಬ್ಬನ ತಪ್ಪಲ್ಲ. ನಮ್ಮ ಊರುಗಳೇ ಹಾಗೆ ಭಾಗವಾಗಿಬಿಟ್ಟಿವೆ.

ಇದರ ಪರಿಣಾಮ ಕಿರುಚಿತ್ರಗಳಲ್ಲಿ ಮುಗಿದರೆ ಪರವಾಗಿರಲಿಲ್ಲ. 2022ರ ಫೆಬ್ರವರಿಯಲ್ಲಿ ಹಿಜಾಬ್ ವಿವಾದದ ದಿನಗಳಲ್ಲಿ ಕಾಲೇಜು ಗೇಟುಗಳ ಮುಂದೆ ಟಿವಿ ಕ್ಯಾಮೆರಾಗಳು ಸಾಲುಗಟ್ಟಿ ನಿಂತವು. ಪರೀಕ್ಷೆ ಬರೆಯಬೇಕಾದ ಹುಡುಗಿಯರ ಮುಖಕ್ಕೆ ಮೈಕು ಹಿಡಿಯಲಾಯಿತು. ಆ ಕ್ಯಾಮೆರಾ ಹಿಡಿದವರು, ಆ ದೃಶ್ಯಗಳನ್ನು ಕತ್ತರಿಸಿ ಜೋಡಿಸಿದವರು ಆಕಾಶದಿಂದ ಇಳಿದವರಲ್ಲ. ಅವರೂ ಎಲ್ಲೋ ಓದಿದವರು. ಲೆನ್ಸ್ ಬದಲಿಸುವುದನ್ನು ಅವರಿಗೆ ಯಾರೋ ಕಲಿಸಿದ್ದರು. ಎದುರಿಗಿರುವ ಹುಡುಗಿಯಿಂದ ಎಷ್ಟು ದೂರ ನಿಲ್ಲಬೇಕೆಂದು ಯಾರೂ ಕಲಿಸಿರಲಿಲ್ಲ. ಸಿನಿಮಾ ಶಿಕ್ಷಣದ ಪಠ್ಯಕ್ರಮದಲ್ಲಿ ಇದು ಮೊದಲ ಪಾಠವಾಗಬೇಕೆಂದು ನಾವು ಒತ್ತಿ ಹೇಳುತ್ತೇವೆ.

ನಮ್ಮ ಕಡೆಯ ಅಡ್ಡಿಗಳನ್ನೂ ಮುಚ್ಚಿಡಬಾರದು. ಚಿತ್ರ ತೆಗೆಯುವುದರ ಬಗ್ಗೆ ಉಲೆಮಾಗಳಲ್ಲಿ ಭಿನ್ನಾಭಿಪ್ರಾಯ ಇದೆ. ಅದನ್ನು ಗೌರವಿಸೋಣ. ಆದರೆ ನಮ್ಮ ಮದುವೆಗಳಲ್ಲಿ ವಿಡಿಯೋ ಇಲ್ಲದ ಮದುವೆ ಎಷ್ಟು? ಪ್ರವಚನಗಳೂ ಯೂಟ್ಯೂಬಿನಲ್ಲೇ ಬರುತ್ತಿರುವಾಗ, ಕ್ಯಾಮೆರಾ ಮನೆಯೊಳಗೆ ಬರಬೇಕೋ ಬೇಡವೋ ಎಂಬ ಪ್ರಶ್ನೆ ಹಳೆಯದಾಯಿತು. ಅದು ಬಂದಾಗಿದೆ. ಅದರಿಂದ ಏನು ಹೇಳಬೇಕು, ಏನನ್ನು ತೋರಿಸಬಾರದು ಎಂಬುದೇ ಈಗಿನ ಪ್ರಶ್ನೆ. ಅಶ್ಲೀಲವನ್ನೂ ಸುಳ್ಳನ್ನೂ ಬೇಡವೆನ್ನುವ ಹಕ್ಕು ನಮಗಿದೆ. ಆದರೆ ಒಳ್ಳೆಯದನ್ನು ಮಾಡುವವರನ್ನು ತಯಾರು ಮಾಡದೆ ಬೇಡವೆನ್ನುತ್ತಲೇ ಕೂತರೆ ಆ ಮಾತಿಗೆ ತೂಕವಿರುವುದಿಲ್ಲ.

ಇನ್ನೊಂದು ಅಡ್ಡಿ ನಮ್ಮ ಕೈಯಲ್ಲಷ್ಟೇ ಇಲ್ಲ. ಸಿನಿಮಾ ಒಬ್ಬರ ಕೆಲಸವಲ್ಲ. ಕ್ಯಾಮೆರಾ ಒಬ್ಬ, ಧ್ವನಿ ಇನ್ನೊಬ್ಬ, ಬೆಳಕು ಮತ್ತೊಬ್ಬಳು. ಹುಡುಗರೂ ಹುಡುಗಿಯರೂ, ಎಲ್ಲ ಧರ್ಮದವರೂ ಒಂದೇ ವ್ಯಾನಿನಲ್ಲಿ ನಸುಕಿಗೆ ಹೊರಟು ಕತ್ತಲಾದ ಮೇಲೆ ಮರಳುವ ವಿದ್ಯೆ ಇದು. ಮಂಗಳೂರಿನ ಪಬ್ ದಾಳಿ 2009ರ ಜನವರಿಯಲ್ಲಿ, ಪಡೀಲಿನ ಹೋಂಸ್ಟೇ ದಾಳಿ 2012ರ ಜುಲೈಯಲ್ಲಿ ನಡೆದವು. ಆ ನಂತರವೂ ಒಟ್ಟಿಗೆ ಪ್ರಯಾಣಿಸಿದ ವಿದ್ಯಾರ್ಥಿಗಳನ್ನು ತಡೆದು ಹೆಸರು ಕೇಳಿದ ಸುದ್ದಿಗಳು ಈ ಜಿಲ್ಲೆಯಿಂದ ಪದೇ ಪದೇ ಬಂದಿವೆ. ಹೆಸರು ಕೇಳುವವರಲ್ಲಿ ಒಂದೇ ಬಣ್ಣದವರಿಲ್ಲ. ನಮ್ಮ ಹುಡುಗಿ ಇನ್ನೊಬ್ಬರ ಜೊತೆ ಕಂಡರೆ ಬೈಕು ನಿಲ್ಲಿಸುವ ನಮ್ಮ ಹುಡುಗರೂ ಇದ್ದಾರೆ. ಹೀಗಿರುವಾಗ ಬೆಳ್ತಂಗಡಿಯಿಂದ ವೇಣೂರು ದಾರಿಯಾಗಿ ಮೂಡುಬಿದಿರೆಗೆ ನಾಲ್ಕು ವಿದ್ಯಾರ್ಥಿಗಳ ತಂಡವೊಂದು ಒಂದು ಸಂಜೆಯ ದೃಶ್ಯ ತೆಗೆಯಲು ಹೋಗುವುದೂ ಧೈರ್ಯದ ಕೆಲಸವಾಗುತ್ತದೆ. ಆ ತಂಡವನ್ನು ಕಾಯುವ ಹೊಣೆ ಕಾಲೇಜಿನದು, ಪೊಲೀಸರದು, ಅದಕ್ಕಿಂತ ಮೊದಲು ನಮ್ಮೆಲ್ಲರದು.

ಹಾಗಾದರೆ ಏನು ಮಾಡಬಹುದು? ಅಧ್ಯಾಪಕರಿಗೆ ನಮ್ಮದೊಂದು ಸಲಹೆ. ಬಂಟ್ವಾಳ, ಬೆಳ್ತಂಗಡಿಯ ಹಳ್ಳಿಗಳಲ್ಲಿ ಬೀಡಿ ಕಟ್ಟುವ ಹೆಂಗಸರಿದ್ದಾರೆ. ಬ್ಯಾರಿ ಮನೆಯಲ್ಲೂ ಇದ್ದಾರೆ, ಬಿಲ್ಲವರ ಮನೆಯಲ್ಲೂ ಇದ್ದಾರೆ. ಒಬ್ಬ ವಿದ್ಯಾರ್ಥಿಗೆ ತನ್ನದಲ್ಲದ ಸಮುದಾಯದ ಮನೆಯೊಂದಕ್ಕೆ ಹೋಗಿ, ಅನುಮತಿ ಕೇಳಿ, ಎರಡು ಕೈಗಳು ಎಲೆ ಕತ್ತರಿಸಿ, ಹೊಗೆಸೊಪ್ಪು ತುಂಬಿ, ನೂಲು ಸುತ್ತುವುದನ್ನು ಮೂರು ನಿಮಿಷ ತೆಗೆದು ತಾ ಎಂದು ಹೇಳಲಿ. ಸಂಗೀತ ಬೇಡ, ನೀತಿವಾಕ್ಯ ಬೇಡ. ಆ ಚಿತ್ರಗಳನ್ನು ಒಂದರ ಪಕ್ಕ ಒಂದಿಟ್ಟು ತರಗತಿಯಲ್ಲಿ ನೋಡಲಿ. ಯಾವ ಕೈ ಯಾರದೆಂದು ಹೇಳಲು ಯಾರಿಗೂ ಸಾಧ್ಯವಾಗದು. ಪುಣೆಯ ಸಂಸ್ಥೆಯಲ್ಲಿ ಕಲಿತ ಮೈಸೂರಿನ ಯುವ ವೈದ್ಯ ಚಿದಾನಂದ ಎಸ್. ನಾಯ್ಕ್ ಅವರ 'ಸನ್‌ಫ್ಲವರ್ಸ್ ವರ್ ದ ಫಸ್ಟ್ ಒನ್ಸ್ ಟು ನೋ' ಎಂಬ ಕನ್ನಡ ಕಿರುಚಿತ್ರ 2024ರಲ್ಲಿ ಕಾನ್‌ನ ವಿದ್ಯಾರ್ಥಿ ವಿಭಾಗದಲ್ಲಿ ಮೊದಲ ಬಹುಮಾನ ಪಡೆಯಿತು. ಅದರಲ್ಲಿ ಇರುವುದು ಒಂದು ಹಳ್ಳಿ, ಒಂದು ಹುಂಜ, ಅದನ್ನು ಕದ್ದ ಒಬ್ಬ ಅಜ್ಜಿ. ಜನಪದ ಕತೆಯೊಂದನ್ನು ಹದವಾಗಿ ನೋಡಿದ್ದಕ್ಕೆ ಸಿಕ್ಕ ಮನ್ನಣೆ ಅದು.

ಸಮುದಾಯದ ಸಂಸ್ಥೆಗಳಿಗೂ ಒಂದು ಮಾತು. ಪ್ರತಿವರ್ಷ ನಾವು ವಿದ್ಯಾರ್ಥಿವೇತನ ಹಂಚುತ್ತೇವೆ. ವೇದಿಕೆಯಲ್ಲಿ ವೈದ್ಯರಾಗುವವರು, ಇಂಜಿನಿಯರಾಗುವವರು ಸಾಲಾಗಿ ನಿಲ್ಲುತ್ತಾರೆ. ಆ ಸಾಲಿನ ಕೊನೆಯಲ್ಲಿ ಸಿನಿಮಾ ಕಲಿಯುವ ಒಬ್ಬ ಹುಡುಗನಿಗೂ ಒಬ್ಬ ಹುಡುಗಿಗೂ ಜಾಗ ಮಾಡಿಕೊಡಿ. ಅವರು ನಮ್ಮನ್ನು ಹೊಗಳಿಯೇ ಚಿತ್ರ ಮಾಡಬೇಕೆಂದು ಷರತ್ತು ಹಾಕಬೇಡಿ. ನಮ್ಮ ವರದಕ್ಷಿಣೆಯನ್ನು, ನಮ್ಮ ಜಮಾಅತ್ತಿನ ಜಗಳಗಳನ್ನು, ಗಲ್ಫಿಗೆ ಹೋದವನ ಹೆಂಡತಿಯ ಒಂಟಿತನವನ್ನು ಅವರು ತೋರಿಸಲಿ. ಅದರ ಜೊತೆಗೆ, ಸುಬ್‌ಹಿ ಮುಗಿಸಿ ಮೀನಿನ ಬುಟ್ಟಿ ಕಟ್ಟುವವನ ಬೆಳಗನ್ನೂ ತೋರಿಸಲಿ. ನಮ್ಮ ಲೇಖಕಿಯರು ಬರೆದಾಗ ನಾವು ಅವರಿಗೆ ಕೊಟ್ಟ ಕಷ್ಟ ಕಡಿಮೆಯದಲ್ಲ. ಈ ಮಕ್ಕಳಿಗೂ ಅದನ್ನೇ ಕೊಡುವುದು ಬೇಡ.

ಮುಂದಿನ ಜೂನಿನಲ್ಲಿ ಯಾವುದೋ ಮನೆಯಲ್ಲಿ ಮತ್ತೆ ಆ ಮಾತು ಬರುತ್ತದೆ. ಮತ್ತೆ ಆ ಒಂದು ಕ್ಷಣದ ಮೌನ ಇರುತ್ತದೆ. ಆಗ ತಂದೆಯೋ ತಾಯಿಯೋ ಮೊದಲ ಎರಡು ಪ್ರಶ್ನೆಗಳನ್ನು ಕೇಳಲಿ. ಕೇಳಿದ ಮೇಲೆ ಮೂರನೆಯದನ್ನೂ ಕೇಳಲಿ: 'ನೀನು ಯಾರ ಕತೆ ಹೇಳುತ್ತೀ, ಮಗೂ?'